ಹಳೇ ಆಂಪ್ಲಿಫೈಯರ್ ಕೊಳ್ಳುವುದಾದರೆ: ವಾಲ್ವೋ, ಎಪ್ಪತ್ತರ ದಶಕದ ಜಪಾನ್ ಸೆಟ್ಟೋ, ಎಸ್‌ಟಿಕೆಯೋ?

ಹಳೇ ಆಂಪ್ಲಿಫೈಯರ್ ಮಾರುವವರು ಮೊದಲು ಹೇಳುವುದು ಬ್ರ್ಯಾಂಡು, ಆಮೇಲೆ ವಾಟ್, ಕೊನೆಗೆ ‘ವರ್ಕಿಂಗ್ ಕಂಡೀಷನ್ ಸಾರ್’. ಬಾಳಿಕೆಯ ಲೆಕ್ಕ ಹಾಕುವಾಗ ಈ ಮೂರಕ್ಕೂ ಹೆಚ್ಚು ತೂಕವಿಲ್ಲ. ನಲವತ್ತು ಐವತ್ತು ವರ್ಷ ದಾಟಿದ ಸೆಟ್ಟಿನಲ್ಲಿ ಏನಾದರೊಂದು ಕೆಡುವುದು ಖಂಡಿತ. ಕೆಟ್ಟದ್ದಕ್ಕೆ ಬದಲಿ ಸಿಗುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಕೆಪಾಸಿಟರ್, ರಿಲೇ (ಸ್ಪೀಕರನ್ನು ತಾನೇ ಜೋಡಿಸಿ ಬಿಡಿಸುವ ಸ್ವಿಚ್ಚು), ಡಯಲ್ ಬಲ್ಬು ನಾಳೆ ಬೆಳಿಗ್ಗೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೇ ಸಿಗುತ್ತವೆ. ಪವರ್ ಟ್ರಾನ್ಸ್‌ಫಾರ್ಮರ್, ವಾಲ್ವ್ (ಟ್ರಾನ್ಸಿಸ್ಟರಿಗೂ ಹಿಂದಿನ ಗಾಜಿನ ಕೊಳವೆ) ಸೆಟ್ಟಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಎಸ್‌ಟಿಕೆಯಂತೆ ಒಂದೇ ಕಂಪನಿ ಮಾಡಿ ನಿಲ್ಲಿಸಿದ ಔಟ್‌ಪುಟ್ ಐಸಿ ಸಿಗುವುದಿಲ್ಲ. ಹಾಗಾಗಿ ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುವ, ಆದರೆ ಒಳಗೆ ಯಾರೂ ಕೈ ಹಾಕದ ಸೆಟ್ಟೇ, ಚೆನ್ನಾಗಿ ಹಾಡುವ ಆದರೆ ಮೂರು ಕೈಗಳಲ್ಲಿ ರಿಪೇರಿ ಕಂಡ ಸೆಟ್ಟಿಗಿಂತ ಒಳ್ಳೆಯ ವ್ಯಾಪಾರ.

ಎಷ್ಟು ವೋಲ್ಟಿನ ಸೆಟ್?

ಬೆಲೆ ಮಾತಾಡುವ ಮುಂಚೆ ಹಿಂಬದಿಯ ತಗಡಿನ ಮೇಲಿನ ಅಕ್ಷರ ಓದಿ. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಅಮೆರಿಕದಿಂದ ನೆಂಟರು ಹೊತ್ತು ತಂದದ್ದು 120 ವೋಲ್ಟ್, 60 ಹರ್ಟ್ಸ್. ಜಪಾನಿನ ಒಳಮಾರುಕಟ್ಟೆಯದು 100 ವೋಲ್ಟ್. ಗಲ್ಫ್‌ನಿಂದ ಬಂದವುಗಳಲ್ಲಿ ಹಲವಕ್ಕೆ ವೋಲ್ಟೇಜ್ ಸೆಲೆಕ್ಟರ್ ಇರುತ್ತದೆ. ನಮ್ಮ ಊರಿಗೆ ಸಲೀಸಾಗಿ ಹೊಂದುವುದು ಇದೇ.

120 ವೋಲ್ಟಿನ ಸೆಟ್ಟಿಗೆ ಸ್ಟೆಪ್‌ಡೌನ್ (ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್) ಹಾಕಿದರೆ ಆಯಿತಲ್ಲ ಎನ್ನುವವರು ಹರ್ಟ್ಸ್ ಮರೆಯುತ್ತಾರೆ. 60 ಹರ್ಟ್ಸ್‌ಗೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರಿಗೆ 50 ಹರ್ಟ್ಸ್‌ನಲ್ಲಿ ಅದೇ 120 ವೋಲ್ಟ್ ಕೊಟ್ಟರೆ ಅದರ ಕಬ್ಬಿಣದ ಕೋರಿನಲ್ಲಿ ಕಾಂತಪ್ರವಾಹ ಶೇ. 20ರಷ್ಟು ಏರುತ್ತದೆ. ಅದು ಗುಂಯ್‌ಗುಡುತ್ತದೆ, ಕಾಯುತ್ತದೆ. 110 ವೋಲ್ಟಿನ ಸ್ಟೆಪ್‌ಡೌನ್ ಆದರೆ ಏರಿಕೆ ಶೇ. 10ಕ್ಕೆ ಇಳಿಯುತ್ತದೆ. ಜಪಾನಿನ ಸೆಟ್ಟಿನದು ಇದಕ್ಕೆ ತಿರುಗುಮುರುಗು. ಆ ದೇಶದಲ್ಲಿ ಟೋಕಿಯೋ ಕಡೆ 50, ಒಸಾಕಾ ಕಡೆ 60 ಹರ್ಟ್ಸ್ ಇರುವುದರಿಂದ ಅಲ್ಲಿನ ಸೆಟ್ಟುಗಳಿಗೆ ಹರ್ಟ್ಸ್‌ನ ತಕರಾರಿಲ್ಲ, ಆದರೆ 110 ವೋಲ್ಟ್ ಜಾಸ್ತಿಯಾಗುತ್ತದೆ. 100ರದ್ದೇ ಸ್ಟೆಪ್‌ಡೌನ್ ಬೇಕು. ಸ್ಟೆಪ್‌ಡೌನಿನ ವಿಎ (ಅದು ಹೊರಬಲ್ಲ ಹೊರೆ, ವೋಲ್ಟ್-ಆಂಪಿಯರಿನಲ್ಲಿ), ತಗಡಿನ ಮೇಲೆ ಬರೆದ ವಿದ್ಯುತ್ ಬಳಕೆಯ ಕನಿಷ್ಠ ಒಂದೂವರೆ ಪಟ್ಟು ಇರಲಿ.

ಸೆಲೆಕ್ಟರಿನಲ್ಲಿ 220, 240 ಎರಡೂ ಇದ್ದರೆ 240ಕ್ಕೆ ಇಡಿ. ರಾತ್ರಿ ಹೊತ್ತು ಲೈನ್ 245ಕ್ಕೆ ಏರುವ ಬಡಾವಣೆಗಳು ಬೇಕಾದಷ್ಟಿವೆ. 220ಕ್ಕೆ ಇಟ್ಟ ಸೆಟ್ಟಿನ 35 ವೋಲ್ಟ್ ಸಪ್ಲೈ ಆಗ 39 ಮುಟ್ಟುತ್ತದೆ, ವಾಲ್ವಿನ 6.3 ವೋಲ್ಟ್ ಹೀಟರ್ 7 ಆಗುತ್ತದೆ. ಎರಡೂ ಆಯಸ್ಸು ತಿನ್ನುವ ಸಂಗತಿಗಳೇ. ಸೆಲೆಕ್ಟರ್ ಬದಲಿಸಿದಾಗ ಫ್ಯೂಸೂ ಬದಲಾಗಬೇಕು: 120ರಲ್ಲಿ 4 ಆಂಪಿಯರ್ ಇದ್ದಲ್ಲಿ 240ಕ್ಕೆ 2 ಆಂಪಿಯರ್.

ವಾಲ್ವ್ ಸೆಟ್

ವಾಲ್ವ್ ನಾಜೂಕು, ಬೇಗ ಸುಟ್ಟುಹೋಗುತ್ತದೆ ಎಂಬ ಮಾತು ಅರ್ಧ ಸತ್ಯ. ವಾಲ್ವ್ ಸವೆಯುವುದು ನಿಜ, ಆದರೆ ಅದನ್ನು ಕೀಳಲು ಬೆಸುಗೆ ಬಿಡಿಸಬೇಕಿಲ್ಲ. ಇಎಲ್84, ಇಎಲ್34, 6ಎಲ್6, ಕೆಟಿ88, ಇಸಿಸಿ83 ಇಂದಿಗೂ ಸ್ಲೊವಾಕಿಯಾ, ರಷ್ಯಾ, ಚೀನಾದಲ್ಲಿ ಹೊಸದಾಗಿ ತಯಾರಾಗುತ್ತಿವೆ. ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ ಒಂದು ಕಾಲಕ್ಕೆ ಇಎಲ್84, ಇಸಿಸಿ83 ಮಾಡುತ್ತಿತ್ತು. ಅದರ ಡಬ್ಬಿ ಒಡೆಯದ ಹಳೇ ಸ್ಟಾಕು ಆಗಾಗ ಕಣ್ಣಿಗೆ ಬೀಳುತ್ತದೆ. ಬಳಸಿ ಸವೆದದ್ದನ್ನು ಒರೆಸಿ ಡಬ್ಬಿಗೆ ಹಾಕಿ ಮಾರುವುದೂ ಇದೆ, ಅದಕ್ಕೆ ಟೆಸ್ಟರ್ ಮೇಲಿನ ಅಳತೆ ಕೇಳಿಯೇ ಕೊಳ್ಳಬೇಕು.

ಕೊಳ್ಳುವ ಮುನ್ನ ಆ ಸೆಟ್ಟಿಗೆ ಯಾವ ವಾಲ್ವ್ ಬೇಕು ನೋಡಿ. 1953ರ ಕ್ವಾಡ್ ಟು ಮೊನೊ ಆಂಪ್, ಎರಡು ಕೆಟಿ66ಗಳಿಂದ 15 ವಾಟ್ ಕೊಡುತ್ತದೆ. ಲೀಕ್ ಸ್ಟೀರಿಯೊ 20ರಲ್ಲಿ ನಾಲ್ಕು ಇಎಲ್84, ಚಾನೆಲ್ಲಿಗೆ ಹತ್ತು ವಾಟ್ ಆಸುಪಾಸು. 1959ರ ಡೈನಾಕೊ ಎಸ್‌ಟಿ-70ಯಲ್ಲಿ ನಾಲ್ಕು ಇಎಲ್34, ಚಾನೆಲ್ಲಿಗೆ 35 ವಾಟ್. ಡೈನಾಕೊದ ತಲೆನೋವು ಪವರ್ ವಾಲ್ವಲ್ಲ, ಮುಂದಿನ ಹಂತದ 7199 ಎಂಬ ಸಣ್ಣ ವಾಲ್ವ್. ಅದನ್ನು ಹುಡುಕುವುದು ಕಷ್ಟ. ಅದಕ್ಕೇ ಬೇರೆ ವಾಲ್ವಿಗೆ ಹೊಂದುವ ಹೊಸ ಬೋರ್ಡ್ ಹಾಕಿಸಿದ ಸೆಟ್ಟುಗಳು ಬಹಳ. ಅಂಥ ಬದಲಾವಣೆ ಇದ್ದರೆ ಬೆಲೆ ಇಳಿಸಲು ಅದನ್ನು ನೆಪ ಮಾಡಿಕೊಳ್ಳಬಹುದು, ಬಾಳಿಕೆಗೆ ಅದು ಒಳ್ಳೆಯದೇ.

ವಾಲ್ವ್ ಸೆಟ್ಟಿನ ಪ್ರಾಣ ಇರುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ. ಸ್ಪೀಕರ್ ಇಲ್ಲದೆ ಸೆಟ್ ಓಡಿಸಿದರೆ ಪ್ರೈಮರಿ ಸುರುಳಿಯಲ್ಲಿ ವೋಲ್ಟೇಜ್ ಚಿಮ್ಮಿ ಒಳಗೊಳಗೇ ಕಿಡಿ ಹಾರುತ್ತದೆ, ಎನಾಮೆಲ್ ಸುಡುತ್ತದೆ. ಪ್ಲಗ್ ಕಿತ್ತು, ಹೈಟೆನ್ಷನ್ ಕೆಪಾಸಿಟರ್ ಖಾಲಿ ಮಾಡಿಸಿ, ನಡುವಿನ ತುದಿಯಿಂದ ಎರಡೂ ಆನೋಡುಗಳಿಗೆ ಓಂ ಅಳೆಸಿ. ಎರಡು ಕಡೆಯೂ ಹತ್ತಾರು ಓಂನಿಂದ ಇನ್ನೂರರ ಆಸುಪಾಸು ಬರುವುದು ವಾಡಿಕೆ. ಅವುಗಳ ನಡುವೆ ಶೇ. 10–15ರಷ್ಟು ವ್ಯತ್ಯಾಸ ಸಹಜ, ಹೊರಸುತ್ತಿನ ತಂತಿ ಉದ್ದವಿರುತ್ತದೆ. ಒಂದು ಕಡೆ ಓಪನ್ (ತಂತಿ ತುಂಡಾಗಿದೆ ಎಂದು) ತೋರಿಸಿದರೆ ಮಾತು ಅಲ್ಲಿಗೆ ಮುಗಿಯಿತು. ಒಳಗೆ 300ರಿಂದ 450 ವೋಲ್ಟ್ ಡಿಸಿ ಇರುತ್ತದೆ, ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ನಿಂತಿರುತ್ತದೆ. ಕೈ ಪಳಗದವರು ತಳದ ತಗಡು ಬಿಚ್ಚಬಾರದು.

ಎರಡನೆಯ ಶತ್ರು ಕಪ್ಲಿಂಗ್ ಕೆಪಾಸಿಟರ್, ಅಂದರೆ ಒಂದು ಹಂತದಿಂದ ಮುಂದಿನದಕ್ಕೆ ಹಾಡನ್ನು ಬಿಟ್ಟು ಡಿಸಿ ತಡೆಯುವುದು. ಹಳೇ ಪೇಪರ್ ಕೆಪಾಸಿಟರ್ ಸೋರಿದರೆ ಪವರ್ ವಾಲ್ವಿನ ಗ್ರಿಡ್ಡಿಗೆ (ಕರೆಂಟನ್ನು ಹಿಡಿತದಲ್ಲಿಡುವ ಜಾಲರಿಗೆ) ಪಾಸಿಟಿವ್ ವೋಲ್ಟೇಜ್ ಹರಿದು ವಾಲ್ವ್ ಮಿತಿ ಮೀರಿ ಕರೆಂಟ್ ಎಳೆಯುತ್ತದೆ. ಕೋಣೆಯ ದೀಪ ಆರಿಸಿ ನೋಡಿ. ವಾಲ್ವಿನ ಒಳಗಿನ ಬೂದು ತಗಡು ಕೆಂಡದಂತೆ ಕೆಂಪಾಗಿದ್ದರೆ ತಕ್ಷಣ ಆಫ್ ಮಾಡಿ. ಗಾಜಿನ ಒಳಮೈಯಲ್ಲಿ ತೆಳು ನೀಲಿ ಬೆಳಕು ಕಂಡರೆ ಹೆದರಬೇಕಿಲ್ಲ. ಮೇಲಿನ ಕನ್ನಡಿಯಂಥ ಬೆಳ್ಳಿ ಕಲೆ ಹಾಲಿನಂತೆ ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವ್ ಸತ್ತಿದೆ.

ಎಪ್ಪತ್ತರ ದಶಕದ ಜಪಾನ್ ಸೆಟ್

ಮರಾಂಟ್ಜ್ 2270, ಪಯೊನೀರ್ ಎಸ್‌ಎಕ್ಸ್-1250, ಸಾನ್ಸುಯಿ ಎಯು-717, ಯಮಾಹಾ ಸಿಎ ಸಾಲು: ಮೊದಲ ಸಲ ಕೊಳ್ಳುವವರು ಹುಡುಕಬೇಕಾದದ್ದು ಈ ಗುಂಪಿನಲ್ಲೇ. ಇವುಗಳ ಗಟ್ಟಿತನಕ್ಕೆ ಒಂದು ಕಾನೂನಿನ ಕೈವಾಡವೂ ಇದೆ. 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವಾಟ್ ಘೋಷಣೆಗೆ ನಿಯಮ ತಂದಿತು. ಎರಡೂ ಚಾನೆಲ್ ಒಟ್ಟಿಗೆ ಓಡಬೇಕು, ಅಳೆಯುವ ಮುನ್ನ ಮೂರನೇ ಒಂದು ಪವರಿನಲ್ಲಿ ಒಂದು ತಾಸು ಕಾಯಿಸಿರಬೇಕು. ಈ ಪರೀಕ್ಷೆ ಪಾಸಾಗಲು ಕಂಪನಿಗಳು ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ರೆಕ್ಕೆಗಳು) ದೊಡ್ಡದು ಮಾಡಲೇಬೇಕಾಯಿತು. ನಾವು ಮನೆಯಲ್ಲಿ ಕೇಳುವುದು ಒಂದೆರಡು ವಾಟ್. ಅಷ್ಟಕ್ಕೆ ಆ ಹೀಟ್‌ಸಿಂಕ್ ಬೆಚ್ಚಗಾದರೆ ಹೆಚ್ಚು.

ಇವುಗಳ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಹೆಚ್ಚಾಗಿ ಬಿಡಿಬಿಡಿ, ಲೋಹದ ಟೋಪಿಯವು. ಮೂಲದ ನಂಬರ್ ಸಿಗದಿದ್ದರೂ ಎಂಜೆ15003–15004, ಎಂಜೆ21193–21194 ಜೋಡಿಗಳು ಬಹಳಷ್ಟು ಸೆಟ್ಟುಗಳಿಗೆ ಹೊಂದುತ್ತವೆ. ಸರ್ವಿಸ್ ಮ್ಯಾನ್ಯುಯಲ್ ಸಿಗುತ್ತದೆ. ಕೆಡುವ ಜಾಗಗಳೂ ಎಲ್ಲರಿಗೂ ಗೊತ್ತಿರುವಂಥವು:

ಬಯಾಸ್ (ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಸಣ್ಣ ಕರೆಂಟ್) ಹೊಂದಿಸುವ ಪುಟ್ಟ ಟ್ರಿಮ್ಮರುಗಳು (ಸ್ಕ್ರೂಡ್ರೈವರಿನಿಂದ ತಿರುಗಿಸುವ ಕಂಟ್ರೋಲುಗಳು) ತೆರೆದ ಕಾರ್ಬನ್ನಿನವು. ಧೂಳು, ತೇವಕ್ಕೆ ಅವುಗಳ ಸಂಪರ್ಕ ಕಿತ್ತುಹೋಗುತ್ತದೆ. ಎಷ್ಟೋ ಸರ್ಕ್ಯೂಟುಗಳಲ್ಲಿ ಹಾಗೆ ಕಿತ್ತ ಕ್ಷಣವೇ ಬಯಾಸ್ ಗರಿಷ್ಠಕ್ಕೆ ಏರಿ ಔಟ್‌ಪುಟ್ ಟ್ರಾನ್ಸಿಸ್ಟರ್ ಹಾರಿಹೋಗುತ್ತದೆ. ಹತ್ತಿಪ್ಪತ್ತು ರೂಪಾಯಿಯ ಭಾಗಕ್ಕೆ ಇಡೀ ಚಾನೆಲ್ ಬಲಿ. ಬಯಾಸಿಗೆ ಉಷ್ಣಾಂಶದ ಕಾವಲು ಕಾಯುವ ಡಯೋಡುಗಳೂ, ಅದರಲ್ಲೂ ವಿಡಿ1212 ಎಂಬ ನಂಬರಿನವು, ಇದೇ ಕೆಟ್ಟ ಹೆಸರು ಪಡೆದಿವೆ. ದೊಡ್ಡ ಕೆಪಾಸಿಟರ್ ಅಲುಗದಿರಲಿ ಎಂದು ಕಾರ್ಖಾನೆಯಲ್ಲಿ ಸುರಿದ ಅಂಟು ಮೊದಲು ತಿಳಿಹಳದಿ, ವರ್ಷ ಕಳೆದಂತೆ ಕಾಫಿಪುಡಿಯ ಬಣ್ಣ. ಕಂದಾದ ಮೇಲೆ ಅದು ತೇವ ಹೀರಿ ಕರೆಂಟ್ ಹರಿಸುತ್ತದೆ, ಪಕ್ಕದ ಡಯೋಡ್ ಕಾಲುಗಳನ್ನು ತಿನ್ನುತ್ತದೆ. ನೋಡಿದವರು ಕೆಪಾಸಿಟರ್ ಸೋರಿದೆ ಎಂದು ಹೌಹಾರುತ್ತಾರೆ. ಕೆಪಾಸಿಟರ್ ಸರಿಯಿರಬಹುದು, ಅಂಟನ್ನು ಮಾತ್ರ ಕೆರೆದು ತೆಗೆಯಲೇಬೇಕು. 2ಎಸ್‌ಸಿ458ರಂಥ ಸಣ್ಣ ಟ್ರಾನ್ಸಿಸ್ಟರುಗಳು ವಯಸ್ಸಾದಂತೆ ಚಟಪಟ ಸದ್ದು ಮಾಡುತ್ತವೆ. ಹಾಡು ನಿಲ್ಲಿಸಿದಾಗ ಹುರಿಗಡಲೆ ಸಿಡಿದಂತೆ ಕೇಳಿಸಿದರೆ ಅದೇ.

ಒಂದು ಎಚ್ಚರಿಕೆ. ಇದೇ ಕಾಲದ ಕೆಲವು ಸೋನಿ ಸೆಟ್ಟುಗಳು, ಟಿಎ-5650, ಟಿಎ-8650, ವಿ-ಫೆಟ್ ಎಂಬ ಔಟ್‌ಪುಟ್ ಸಾಧನ ಬಳಸಿದವು. ಯಮಾಹಾ ಬಿ-1 ಕೂಡ ಅದೇ ಜಾತಿ. ಧ್ವನಿಗೆ ಮಾರುಹೋಗುವವರು ಇದ್ದಾರೆ. ಆದರೆ ಆ ಫೆಟ್ ಸುಟ್ಟರೆ ಅಂಗಡಿಯಲ್ಲಿ ಕೇಳಿ ಪಡೆಯುವ ಬದಲಿ ಇಲ್ಲ, ಇನ್ನೊಂದು ಕೆಟ್ಟ ಸೆಟ್ಟಿನಿಂದ ಕೀಳಬೇಕು. ಹಿಟಾಚಿಯ 2ಎಸ್‌ಕೆ134–2ಎಸ್‌ಜೆ49 ಮಾಸ್‌ಫೆಟ್ ಹಾಕಿದ ಸೆಟ್ಟುಗಳು ಇದಕ್ಕೆ ವಿರುದ್ಧ. ಬಿಸಿ ಏರಿದಂತೆ ತಾವೇ ಕರೆಂಟ್ ತಗ್ಗಿಸಿಕೊಳ್ಳುವ ಗುಣ ಇರುವುದರಿಂದ ಅವು ಸುಲಭಕ್ಕೆ ಸಾಯುವುದಿಲ್ಲ.

ಎಸ್‌ಟಿಕೆ ಮತ್ತು ಅದರ ಬಂಧುಗಳು

ಎಪ್ಪತ್ತರ ಕೊನೆಗೆ, ಎಂಬತ್ತರಲ್ಲಂತೂ ಧಾರಾಳವಾಗಿ, ಇಡೀ ಪವರ್ ಭಾಗವನ್ನೇ ಒಂದು ದಪ್ಪ ಕಪ್ಪು ಐಸಿಯೊಳಗೆ ತುಂಬುವ ರೂಢಿ ಬಂತು. ಸಾನ್ಯೋ ಕಂಪನಿಯ ಎಸ್‌ಟಿಕೆ ಅದರಲ್ಲಿ ಹೆಸರುವಾಸಿ. ಪಯೊನೀರಿನ ಎಸ್‌ಎಕ್ಸ್-780 ನೋಡಲು ದೊಡ್ಡಣ್ಣಂದಿರಂತೆಯೇ ಇದೆ, ಒಳಗೆ ಎಸ್‌ಟಿಕೆ. ಟೆಕ್ನಿಕ್ಸಿನ ಎಷ್ಟೋ ಎಂಬತ್ತರ ದಶಕದ ಮಾಡೆಲ್ಲುಗಳಲ್ಲಿ ಎಸ್‌ವಿಐ ಎಂದು ಶುರುವಾಗುವ ನಂಬರಿನ ಬ್ಲಾಕ್ ಇರುತ್ತದೆ. ಮುಂಭಾಗದ ಅಲ್ಯೂಮಿನಿಯಂ ತಗಡು ಈ ವ್ಯತ್ಯಾಸ ಹೇಳುವುದಿಲ್ಲ. ಸರ್ವಿಸ್ ಮ್ಯಾನ್ಯುಯಲಿನ ಬಿಡಿಭಾಗದ ಪಟ್ಟಿ ನೋಡಿ, ಇಲ್ಲವೇ ಮುಚ್ಚಳ ತೆಗೆಸಿ.

ಎಸ್‌ಟಿಕೆ ಕೆಟ್ಟ ವಸ್ತುವಲ್ಲ. ತಣ್ಣಗಿಟ್ಟು, 8 ಓಂ ಸ್ಪೀಕರಿಗೆ ಹದವಾದ ವಾಲ್ಯೂಮಿನಲ್ಲಿ ಹಾಡಿಸಿದರೆ ದಶಕಗಟ್ಟಲೆ ಬಾಳುತ್ತದೆ. ಸಮಸ್ಯೆ ಸತ್ತ ಮೇಲಿನದು. ಮೂಲದ ತಯಾರಿಕೆ ನಿಂತಿದೆ, ಪೇಟೆಯಲ್ಲಿರುವುದರಲ್ಲಿ ನಕಲಿಯ ಪಾಲು ದೊಡ್ಡದು. ನಕಲಿಯೊಳಗೆ ಸಿಲಿಕಾನ್ ಚೂರು ಚಿಕ್ಕದಿರುತ್ತದೆ, ಸಣ್ಣ ದನಿಯಲ್ಲಿ ಹಾಡುತ್ತದೆ, ಬಾಸ್ ಏರಿಸಿದ ದಿನ ಢಮಾರ್. ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಉಜ್ಜಿದಾಗ ನಂಬರ್ ಅಳಿಸಿಹೋದರೆ, ತೂಕ ಹಗುರವಿದ್ದರೆ ಅನುಮಾನಿಸಿ. ಹಾಗಾಗಿ ಎಸ್‌ಟಿಕೆ ಸೆಟ್ಟಿಗೆ, ಕೆಟ್ಟರೆ ಎತ್ತಿಡಬಲ್ಲೆ ಎನ್ನುವಷ್ಟೇ ಬೆಲೆ ಕೊಡಬೇಕು. ಅದೇ ಬ್ರ್ಯಾಂಡಿನ ಬಿಡಿ ಟ್ರಾನ್ಸಿಸ್ಟರಿನ ಸೆಟ್ಟಿನ ಬೆಲೆಯನ್ನೇ ಇದಕ್ಕೂ ಕೇಳಿದರೆ ಎದ್ದು ಬನ್ನಿ.

ಬ್ರಿಟಿಷ್ ಡಬ್ಬಿಗಳು, ನಮ್ಮವು, ತೊಂಬತ್ತರ ದಶಕದವು

1978ರ ಎನ್‌ಎಡಿ 3020ರ ವಾಟ್ ಬರೀ 20, ಮುಂಭಾಗ ಪ್ಲಾಸ್ಟಿಕ್. ಆದರೆ ಔಟ್‌ಪುಟ್ಟಿನಲ್ಲಿ 2ಎನ್3055–ಎಂಜೆ2955, ಅಂದರೆ ಯಾವ ಊರಲ್ಲೂ ಸಿಗುವ ಜೋಡಿ. ಹಿಂಬದಿಯಲ್ಲಿ ಪ್ರೀಔಟ್–ಮೇನ್‌ಇನ್ (ಮುಂಭಾಗದ ಹಂತವನ್ನು ಪವರ್ ಭಾಗಕ್ಕೆ ಕೂಡಿಸುವ ಸಾಕೆಟ್ಟುಗಳು) ನಡುವೆ ಯು ಆಕಾರದ ಎರಡು ಲೋಹದ ಕೊಂಡಿ ಇರಬೇಕು. ಅವು ಕಳೆದುಹೋದ ಸೆಟ್ ‘ಡೆಡ್’ ಎಂದು ಅಗ್ಗಕ್ಕೆ ಸಿಕ್ಕರೆ ಅದೃಷ್ಟ, ಗಿಡ್ಡ ಆರ್‌ಸಿಎ ವೈರಿನಿಂದ ಜೋಡಿಸಿದರೆ ಹಾಡುತ್ತದೆ. 1967ರ ಕ್ವಾಡ್ 303, ಚಾನೆಲ್ಲಿಗೆ 45 ವಾಟ್, ನಿಯಂತ್ರಿತ 67 ವೋಲ್ಟ್ ಸಪ್ಲೈ. ಸ್ಪೀಕರಿನ ದಾರಿಯಲ್ಲೇ ಕೆಪಾಸಿಟರ್ ಇರುವುದರಿಂದ ಆಂಪ್ ಕೆಟ್ಟರೂ ಸ್ಪೀಕರ್ ಸಾಮಾನ್ಯವಾಗಿ ಉಳಿಯುತ್ತದೆ. 1975ರ ಕ್ವಾಡ್ 405ಕ್ಕೆ 100 ವಾಟ್, ಬೋರ್ಡ್ ಕಳಚಿ ಹಾಕುವುದು ಸಲೀಸು. ಮೂರರಲ್ಲೂ ರಿಪೇರಿಯವರಿಗೆ ಗೊತ್ತಿಲ್ಲದ ಗುಟ್ಟು ಏನೂ ಇಲ್ಲ. ಯುರೋಪಿನ ಸೆಟ್ಟುಗಳಲ್ಲಿ ಮೇನ್ಸ್ ಸ್ವಿಚ್ಚಿಗೆ ಅಡ್ಡ ಕೂತ ರಿಫಾ ಎಂಬ ಪಾರದರ್ಶಕ ಹಳದಿ ಕೆಪಾಸಿಟರ್ ಕಂಡರೆ ಮಾತ್ರ ಮೊದಲ ದಿನವೇ ಕಿತ್ತು 275 ವೋಲ್ಟ್ ಎಸಿಯ ಎಕ್ಸ್2 ದರ್ಜೆಯ ಕೆಪಾಸಿಟರ್ ಹಾಕಿ. ಅದು ಬಿರುಕು ಬಿಟ್ಟು ತೇವ ಹೀರಿ ಮನೆ ತುಂಬ ಹೊಗೆ ಎಬ್ಬಿಸುತ್ತದೆ.

ಸೋನೊಡೈನ್, ಕಾಸ್ಮಿಕ್, ನಾರ್ಜ್ ಹೆಸರಿನ ದೇಶೀ ಸೆಟ್ಟುಗಳಲ್ಲಿ ಕೈಗೆ ಸಿಗುವ ಭಾಗಗಳೇ ಹೆಚ್ಚು: 2ಎನ್3055, ಎಸ್‌ಎಲ್100, ಬಿಸಿ147. ಕಂದು ಬೋರ್ಡಿನ ತಾಮ್ರದ ಗೆರೆ ಎರಡು ಸಲ ಬಿಸಿ ಮುಟ್ಟಿಸಿದರೆ ಎದ್ದುಬರುವುದು, ಸ್ವಿಚ್ಚು, ವಾಲ್ಯೂಮ್ ಕಂಟ್ರೋಲು ಸಡಿಲಾಗುವುದು ಇವುಗಳ ದೌರ್ಬಲ್ಯ. ಪಿಎಂಪಿಓ (ಕ್ಷಣಮಾತ್ರದ ಗರಿಷ್ಠ ವಾಟ್) ಎಂದು ಸಾವಿರದ ಲೆಕ್ಕದಲ್ಲಿ ಬರೆದ ಸಂಖ್ಯೆಯನ್ನು ಲೆಕ್ಕಕ್ಕೇ ತಗೊಳ್ಳಬೇಡಿ. ಟ್ರಾನ್ಸ್‌ಫಾರ್ಮರಿನ ಗಾತ್ರ ನೋಡಿ. ಅಹುಜಾದ ಹಳೇ ಸೆಟ್ಟುಗಳು ಗಟ್ಟಿಮುಟ್ಟು, ಆದರೆ ಅವು ಜಾತ್ರೆ, ಸಭೆಯ ಮೈಕಿಗೆ ಮಾಡಿದ ಮೊನೊ ಯಂತ್ರಗಳು. ಸಂಗೀತ ಕೇಳಲು ಎರಡು ಬೇಕಾಗುತ್ತವೆ, ಸ್ಪೀಕರನ್ನು 100 ವೋಲ್ಟ್ ಲೈನಿಗಲ್ಲ, 8 ಓಂ ತುದಿಗೇ ಕಟ್ಟಬೇಕು.

ತಲೆನೋವು ಬೇಡ, ಹಳೆಯದರ ಬೆಲೆಗೆ ಹಾಡು ಕೇಳಿದರೆ ಸಾಕು ಎನ್ನುವವರಿಗೆ ತೊಂಬತ್ತರ ದಶಕದ ರೊಟೆಲ್, ಡೆನಾನ್, ಎನ್‌ಎಡಿ ಇಂಟಿಗ್ರೇಟೆಡ್ ಸೆಟ್ಟುಗಳೇ ವಾಸಿ. ರಿಮೋಟು, ಡಿಸ್‌ಪ್ಲೇ ಕಡಿಮೆ ಇದ್ದಷ್ಟೂ ಒಳ್ಳೆಯದು.

ಮಾರುವವರ ಮನೆಯಲ್ಲಿ ಒಂದು ತಾಸು

ಕೈಚೀಲದಲ್ಲಿ ಇಷ್ಟಿರಲಿ: ಡಿಜಿಟಲ್ ಮಲ್ಟಿಮೀಟರ್, ಟಾರ್ಚು, ಸ್ಟಾರ್ ಸ್ಕ್ರೂಡ್ರೈವರ್, ಮೊಬೈಲಿನಿಂದ ಆರ್‌ಸಿಎಗೆ ವೈರು, ಹೋದರೂ ಬೇಸರವಿಲ್ಲದ ಒಂದು ಜೊತೆ 8 ಓಂ ಸ್ಪೀಕರು. ‘ನಾನು ಬರುವ ತನಕ ಆನ್ ಮಾಡಬೇಡಿ’ ಎಂದು ಮೊದಲೇ ಹೇಳಿ. ತಣ್ಣಗಿನ ಸೆಟ್ ಹೇಳುವ ಸತ್ಯವನ್ನು ಬಿಸಿ ಸೆಟ್ ಮುಚ್ಚಿಡುತ್ತದೆ.

ಪ್ಲಗ್ ಹಾಕುವ ಮುನ್ನ, ಪವರ್ ಸ್ವಿಚ್ ಆನ್ ಸ್ಥಿತಿಯಲ್ಲಿಟ್ಟು, ಪ್ಲಗ್ಗಿನ ಎರಡು ಕರೆಂಟ್ ಪಿನ್ನುಗಳಿಂದ ಲೋಹದ ಚಾಸಿಗೆ 20 ಮೆಗಾಓಂ ರೇಂಜಿನಲ್ಲಿ ಅಳೆಯಿರಿ. ಮೀಟರ್ ಏನೂ ತೋರಿಸಬಾರದು. ಒಂದೆರಡು ಮೆಗಾಓಂ ಕೂಡ ತೋರಿಸಿದರೆ ಟ್ರಾನ್ಸ್‌ಫಾರ್ಮರಿಗೆ ತೇವ ಹೊಕ್ಕಿದೆ ಎಂದು ಎಣಿಸಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ಮೂಲೆಗೆ ಕೂತ ಸೆಟ್ಟುಗಳಿಗೆ ಈ ಪರೀಕ್ಷೆ ಬಿಡಲೇಬಾರದು. ಕಲಬುರಗಿ ಕಡೆಯವು ಒಣಗಿದ್ದರೂ ಧೂಳು ಹೀಟ್‌ಸಿಂಕಿನ ಸಂದಿ ತುಂಬಿರುತ್ತದೆ.

ಟ್ರಾನ್ಸಿಸ್ಟರ್ ಸೆಟ್ಟಾದರೆ ಸ್ಪೀಕರ್ ಕಟ್ಟದೆ, ವಾಲ್ಯೂಮ್ ಸೊನ್ನೆಗಿಟ್ಟು ಆನ್ ಮಾಡಿ. ರಿಲೇ ಇದ್ದರೆ ಮೂರರಿಂದ ಆರು ಸೆಕೆಂಡಿಗೆ ‘ಟಕ್’ ಎನ್ನಬೇಕು. ಅನ್ನದಿದ್ದರೆ ಒಳಗಿನ ಕಾವಲು ಸರ್ಕ್ಯೂಟ್ ಏನನ್ನೋ ಕಂಡು ತಡೆದಿದೆ ಎಂದರ್ಥ. ‘ರಿಲೇ ಹೋಗಿದೆ ಅಷ್ಟೇ’ ಎಂಬ ಸಮಾಧಾನ ನಂಬಬೇಡಿ. ಟಕ್ ಎಂದ ಮೇಲೆ ಸ್ಪೀಕರ್ ತುದಿಗಳಲ್ಲಿ ಡಿಸಿ ಮಿಲಿವೋಲ್ಟ್ ಅಳೆಯಿರಿ. 30ರೊಳಗೆ ಇದ್ದರೆ ಚೆನ್ನ, 50ರ ತನಕ ಪರವಾಗಿಲ್ಲ, 100 ದಾಟಿದರೆ ಕೆಲಸವಿದೆ. ವೋಲ್ಟಿನ ಲೆಕ್ಕದಲ್ಲಿ ಬಂದರೆ ಸ್ಪೀಕರ್ ಕಟ್ಟಲೇಬೇಡಿ, ಅದರ ಸುರುಳಿ ಸುಡುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಸಂಖ್ಯೆ ಎಷ್ಟಿದೆ ಎನ್ನುವುದಕ್ಕಿಂತ ಅಲೆದಾಡುತ್ತಿದೆಯೇ ಎನ್ನುವುದು ಮುಖ್ಯ. ವಾಲ್ವ್ ಸೆಟ್ಟಿಗೆ ಈ ಪರೀಕ್ಷೆ ಅನ್ವಯಿಸದು, ಅದಕ್ಕೆ ಮೊದಲಿನಿಂದಲೂ ಸ್ಪೀಕರ್ ಇರಲೇಬೇಕು.

ಈಗ ಸ್ಪೀಕರ್ ಕಟ್ಟಿ, ಹಾಡಿಲ್ಲದೆ ಕಿವಿಗೊಡಿ. ವಾಲ್ಯೂಮ್ ಏರಿಸಿದರೂ ಬದಲಾಗದ ಗುಂಯ್ ಸದ್ದು ಸಪ್ಲೈ ಕೆಪಾಸಿಟರಿನದು. ಎರಡೂ ಕಡೆ ಒಂದೇ ಸಮ ಇರುತ್ತದೆ. ವಾಲ್ಯೂಮಿನೊಂದಿಗೆ ಏರುವುದು ಮುಂಭಾಗದ ಹಂತದ್ದೋ ವೈರಿನದ್ದೋ. ಹಾಡು ಹಾಕಿ ತೀರಾ ಸಣ್ಣಗೆ ಇಡಿ. ಒಂದು ಚಾನೆಲ್ ಮಾಯವಾಗಿ, ವಾಲ್ಯೂಮ್ ಏರಿಸಿದಾಗ ಸಟ್ಟನೆ ಬಂದರೆ ರಿಲೇ ಸಂಪರ್ಕ ಕಪ್ಪುಗಟ್ಟಿದೆ, ಸಣ್ಣ ಖರ್ಚು. ಸೆಲೆಕ್ಟರ್, ಟೇಪ್ ಮಾನಿಟರ್ ಸ್ವಿಚ್ಚುಗಳನ್ನು ಇಪ್ಪತ್ತು ಸಲ ಆಡಿಸಿದಾಗ ವಾಸಿಯಾಗುವ ಕರಕರವೂ ಸಣ್ಣದೇ. ಆದರೆ ವಾಲ್ಯೂಮ್ ತಿರುಗಿಸಿದಾಗ ಕರಕರದ ಜತೆ ಸ್ಪೀಕರಿನ ಕೋನ್ ಒಳಹೊರಗೆ ಓಲಾಡಿದರೆ ಆ ಕಂಟ್ರೋಲಿಗೆ ಡಿಸಿ ಸೋರುತ್ತಿದೆ. ಸ್ಪ್ರೇ ಹೊಡೆದರೆ ಹೋಗುವುದಿಲ್ಲ, ಕಪ್ಲಿಂಗ್ ಕೆಪಾಸಿಟರ್ ಬದಲಿಸಬೇಕು.

ಕೊನೆಯದು, ಒಂದು ತಾಸಿನ ಓಟ. ಮಾತಾಡುತ್ತಾ ಕಾಫಿ ಕುಡಿಯುತ್ತಾ ಹಾಡಲು ಬಿಡಿ, ನಡುನಡುವೆ ಎರಡೂ ಹೀಟ್‌ಸಿಂಕ್ ಮುಟ್ಟಿ. ಎರಡೂ ಒಂದೇ ಹದಕ್ಕೆ ಬೆಚ್ಚಗಿರಬೇಕು. ಒಂದು ತಣ್ಣಗಿದ್ದು ಇನ್ನೊಂದರ ಮೇಲೆ ಕೈ ಇಡಲಾಗದಿದ್ದರೆ ಬಯಾಸ್ ಓಡಿಹೋಗುತ್ತಿದೆ. ಟ್ರಾನ್ಸ್‌ಫಾರ್ಮರಿನಿಂದ ಸುಟ್ಟ ವಾರ್ನಿಷ್ ವಾಸನೆ ಬಂದರೆ ಇನ್ನೇನೂ ನೋಡುವುದು ಬೇಡ.

ಹಿಂದಿನ ಕೈಗಳ ಗುರುತು

ಮುಚ್ಚಳ ತೆಗೆಯಲು ಒಪ್ಪದವರಿಂದ ದುಬಾರಿ ಸೆಟ್ ಕೊಳ್ಳಬೇಡಿ. ಒಳಗೆ ಮೊದಲು ಫ್ಯೂಸ್ ಹೋಲ್ಡರ್ ನೋಡಿ. ಫ್ಯೂಸಿನ ಮೇಲೆ ತಂತಿ ಸುತ್ತಿದ್ದರೆ, ಬರೆದದ್ದಕ್ಕಿಂತ ದೊಡ್ಡ ಫ್ಯೂಸ್ ಇದ್ದರೆ, ಯಾರೋ ತಪ್ಪು ಹುಡುಕದೆ ಕರೆಂಟಿಗೆ ಗೇಟು ತೆರೆದಿದ್ದಾರೆ. ಆ ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಬೆಂದಿರುವ ಸಾಧ್ಯತೆ ಹೆಚ್ಚು. ಎಡ ಬಲ ಚಾನೆಲ್ಲುಗಳ ಔಟ್‌ಪುಟ್ ಟ್ರಾನ್ಸಿಸ್ಟರ್ ನಂಬರ್ ಹೋಲಿಸಿ. ಒಂದು ಕಡೆ ತೋಶಿಬಾದ ಹಳೇ ಮುದ್ರೆ, ಇನ್ನೊಂದು ಕಡೆ ಮಿರಮಿರ ಮಿಂಚುವ 2ಎಸ್‌ಸಿ5200 ಇದ್ದರೆ ಆ ಹೊಸದು ಅಸಲಿಯೇ ಎಂದು ಕೇಳಬೇಕು. ಪೇಟೆಯಲ್ಲಿ ಅತಿ ಹೆಚ್ಚು ನಕಲಾಗಿರುವ ನಂಬರುಗಳಲ್ಲಿ ಅದೂ, ಅದರ ಜೋಡಿ 2ಎಸ್‌ಎ1943ಯೂ ಸೇರಿವೆ. ಟ್ರಾನ್ಸ್‌ಫಾರ್ಮರಿನ ಮೇಲೆ ಕಂಪನಿಯ ಚೀಟಿ ಇಲ್ಲ, ಹೊಸ ಟೇಪ್ ಸುತ್ತಿದೆ ಎಂದರೆ ರೀವೈಂಡ್ ಆಗಿದೆ. ಒಳ್ಳೆಯವರು ತಾಮ್ರದಲ್ಲಿ ಲೆಕ್ಕ ಹಾಕಿ ಸುತ್ತಿದ್ದರೆ ತೊಂದರೆಯಿಲ್ಲ, ಅಲ್ಯೂಮಿನಿಯಂ ತಂತಿಯದಾದರೆ ಕಾಯುತ್ತದೆ. ಹಲ್ಲಿ ಸತ್ತ ಗುರುತು, ಇಲಿ ಉಚ್ಚೆಯ ಹಸಿರು ಕಲೆ ಬೋರ್ಡಿನ ಮೇಲಿದ್ದರೆ ಆ ಜಾಗದ ಗೆರೆಗಳು ಒಳಗೊಳಗೇ ತಿಂದುಹೋಗಿರುತ್ತವೆ.

‘ಫುಲ್ ರೀಕ್ಯಾಪ್ ಆಗಿದೆ’ (ಕೆಪಾಸಿಟರ್ ಎಲ್ಲ ಹೊಸದು) ಎಂಬ ಮಾತಿಗೆ ಹೆಚ್ಚು ಬೆಲೆ ಕೇಳಿದರೆ ಮೂರು ಪ್ರಶ್ನೆ ಹಾಕಿ: ಯಾವ ಬ್ರ್ಯಾಂಡಿನ ಕೆಪಾಸಿಟರ್, ಟ್ರಿಮ್ಮರ್ ಬದಲಿಸಿದಿರಾ, ಬಯಾಸ್ ಎಷ್ಟಕ್ಕೆ ಇಟ್ಟಿರಿ? ಮೂರನೆಯದಕ್ಕೆ ಮಿಲಿವೋಲ್ಟಿನಲ್ಲಿ ಉತ್ತರ ಬರದಿದ್ದರೆ, ಕೆಪಾಸಿಟರ್ ಬದಲಿಸಿದ್ದಾರೆ, ಸರ್ವಿಸ್ ಮಾಡಿಲ್ಲ.

ತಂದ ಮೇಲೆ

ದೂರದಿಂದ ತರಿಸುವುದಾದರೆ ಭಾರವೇ ಶತ್ರು. ಪಯೊನೀರ್ ಎಸ್‌ಎಕ್ಸ್-1980 ಸುಮಾರು 35 ಕೆ.ಜಿ. ಡಬ್ಬಿ ಒಮ್ಮೆ ಬಿದ್ದರೆ ಟ್ರಾನ್ಸ್‌ಫಾರ್ಮರ್ ಚಾಸಿಯನ್ನೇ ಬಗ್ಗಿಸುತ್ತದೆ. ಎರಡು ಡಬ್ಬಿಯೊಳಗೆ, ನಡುವೆ ಎರಡು ಇಂಚು ಗಟ್ಟಿ ಫೋಮ್ ಇಟ್ಟು ಕಳಿಸಲು ಹೇಳಿ. ವಾಲ್ವುಗಳನ್ನು ಕಿತ್ತು ಬೇರೆ ಸುತ್ತಿಸಿ. ಸಾಧ್ಯವಾದರೆ ಕಾರಿನ ಹಿಂದಿನ ಸೀಟೇ ಒಳ್ಳೆಯದು.

ವರ್ಷಗಟ್ಟಲೆ ಆನ್ ಆಗದ ಸೆಟ್ಟನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಬೇಡಿ. 60 ಅಥವಾ 100 ವಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಕಟ್ಟಿದ ಬೋರ್ಡಿಗೆ ಹಾಕಿ. ಎಲ್‌ಇಡಿ ನಡೆಯುವುದಿಲ್ಲ. ಬಲ್ಬು ಒಮ್ಮೆ ಫಳ್ಳೆಂದು ಎರಡು ಮೂರು ಸೆಕೆಂಡಿನಲ್ಲಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಬಲ್ಬು ನಿಮ್ಮ ಟ್ರಾನ್ಸ್‌ಫಾರ್ಮರ್ ಉಳಿಸಿತು. ಬಲ್ಬಿನ ಮೂಲಕ ಹಾಡು ಹಾಕಲು ಹೋಗಬೇಡಿ.

ಕೆಲಸದ ಸರತಿ ಹೀಗಿರಲಿ: ಮೊದಲು ಕಂದು ಅಂಟು ತೆಗೆಯುವುದು, ನಂತರ ಬಯಾಸ್, ಆಫ್‌ಸೆಟ್ (ಸ್ಪೀಕರ್ ತುದಿಯ ಡಿಸಿ) ಟ್ರಿಮ್ಮರುಗಳನ್ನು ಮುಚ್ಚಿದ ಬಹುಸುತ್ತಿನವಕ್ಕೆ ಬದಲಿಸುವುದು, ಆಮೇಲೆ ರಿಲೇ, ಅದಾದ ಮೇಲೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು. ಕೆಪಾಸಿಟರ್ 105 ಡಿಗ್ರಿಯದಾಗಿರಲಿ. ಹತ್ತು ಡಿಗ್ರಿ ತಣ್ಣಗಾದಷ್ಟೂ ಅದರ ಆಯಸ್ಸು ಎರಡು ಪಟ್ಟಾಗುತ್ತದೆ, ಇದೇ ಕಾರಣಕ್ಕೆ ಮುಚ್ಚಿದ ಶೋಕೇಸಿನಲ್ಲಿ ಸೆಟ್ ಇಡಬಾರದು. ವೋಲ್ಟೇಜ್ ಮೂಲದಷ್ಟೇ ಅಥವಾ ಒಂದು ಮೆಟ್ಟಿಲು ಹೆಚ್ಚಿರಲಿ. ಸಪ್ಲೈ ಕೆಪಾಸಿಟರಿನ ಮೈಕ್ರೊಫ್ಯಾರಡನ್ನು ಮಾತ್ರ ಆಸೆಬಿದ್ದು ಎರಡು ಮೂರು ಪಟ್ಟು ಮಾಡಬೇಡಿ. ಆನ್ ಮಾಡಿದ ಕ್ಷಣದ ಹೊಡೆತಕ್ಕೆ ಬ್ರಿಡ್ಜ್ ಡಯೋಡ್, ಪವರ್ ಸ್ವಿಚ್ ಹೋಗುತ್ತವೆ. ಟೋನ್ ಕಂಟ್ರೋಲಿನ ಸುತ್ತ ಇರುವ ಫಿಲ್ಮ್ ಕೆಪಾಸಿಟರುಗಳನ್ನು ಮುಟ್ಟುವ ಅಗತ್ಯವಿಲ್ಲ. ಹತ್ತು ಬದಲಿಸಿ, ಆನ್ ಮಾಡಿ ನೋಡಿ, ಮತ್ತೆ ಹತ್ತು. ಅರವತ್ತನ್ನೂ ಒಟ್ಟಿಗೆ ಕಿತ್ತವರು ಉಲ್ಟಾ ಹಾಕಿದ ಒಂದನ್ನು ಹುಡುಕುತ್ತಾ ಭಾನುವಾರ ಕಳೆಯುತ್ತಾರೆ. ವಾಲ್ಯೂಮ್ ಕಂಟ್ರೋಲಿಗೆ ಡಬ್ಲ್ಯುಡಿ-40 ಬೇಡ, ಸಂಪರ್ಕಕ್ಕೆಂದೇ ಮಾಡಿದ ಕ್ಲೀನರ್ ಬೇಕು. ರಿಲೇ ಸಂಪರ್ಕವನ್ನು ಉಪ್ಪುಕಾಗದದಿಂದ ಉಜ್ಜಬೇಡಿ, ಬೆಳ್ಳಿಯ ಲೇಪ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ದಪ್ಪ ಕಾಗದದ ಪಟ್ಟಿಯನ್ನು ನಡುವೆ ಎಳೆದರೆ ಸಾಕು, ಅದಕ್ಕಿಂತ ಹೊಸ ರಿಲೇ ಉತ್ತಮ.

ಕೊನೆಗೆ ಬಯಾಸ್. ಹಾಡಿಲ್ಲದೆ ಇಪ್ಪತ್ತು ನಿಮಿಷ ಕಾಯಿಸಿ, ಔಟ್‌ಪುಟ್ ಟ್ರಾನ್ಸಿಸ್ಟರಿನ ಎಮಿಟರ್ ಕಾಲಿಗೆ ಕಟ್ಟಿದ ರೆಸಿಸ್ಟರಿಗೆ ಅಡ್ಡವಾಗಿ ಮಿಲಿವೋಲ್ಟ್ ಅಳೆಯಿರಿ. 0.22 ಓಂ ಮೇಲೆ 11 ಮಿಲಿವೋಲ್ಟ್ ಬಂದರೆ 50 ಮಿಲಿಆಂಪಿಯರ್, 0.47 ಓಂ ಆದರೆ ಅಷ್ಟೇ ಕರೆಂಟಿಗೆ 23.5 ಮಿಲಿವೋಲ್ಟ್. ಎರಡು ರೆಸಿಸ್ಟರ್ ಸೇರಿಸಿ ಅಳೆದರೆ ಇದರ ದುಪ್ಪಟ್ಟು. ಈ ಗೊಂದಲದಲ್ಲೇ ಬಯಾಸ್ ಎರಡು ಪಟ್ಟು ಏರಿಸಿ ಸುಟ್ಟವರಿದ್ದಾರೆ. ಅದಕ್ಕೇ ಮ್ಯಾನ್ಯುಯಲ್ ಯಾವ ಬಿಂದುಗಳ ನಡುವೆ ಎನ್ನುತ್ತದೆಂದು ಓದಿ. ಟೆಸ್ಟ್ ಪ್ರೋಬ್ ಜಾರಿ ಎರಡು ಕಾಲು ಒಟ್ಟಿಗೆ ಮುಟ್ಟಿದರೂ ಟ್ರಾನ್ಸಿಸ್ಟರ್ ಹೋದಂತೆಯೇ, ಕ್ಲಿಪ್ ಇರುವ ಪ್ರೋಬ್ ಬಳಸಿ. ಒಂದು ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಅಳೆದು, ಎರಡೂ ಸಂಖ್ಯೆಗಳನ್ನು ತಾರೀಖಿನೊಂದಿಗೆ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸಿಡಿ. ಮುಂದೆ ಬಿಚ್ಚುವವರಿಗೆ ಬೇಕಾಗುತ್ತದೆ.